ಎತ್ತಿದ ಬಾನೆಟ್

ಪ್ವೆರ್ತೊ ಮಾದ್ರಿನ್
12 ಮಾರ್ಚ್ 1994

ಎರ್ಸಿಲಿಯಾ ಅತ್ತಿಗೆಗೆ ಮೈದುನ ಇಲಾರಿಯೊ ಮಾಡುವ ವಂದನೆಗಳು.

ಲಕೋಟೆಯ ಮೇಲೆ ನನ್ನ ಹೆಸರು ನೋಡಿಯೂ ಒಲೆಗೆ ಹಾಕದೆ ಇಲ್ಲಿಯವರೆಗೆ ಓದಿದ್ದೀರಿ ಎಂದರೆ ನನ್ನ ಅರ್ಧ ಕೆಲಸ ಆದಂತೆ. ಏಳು ವರ್ಷ ಆಗುತ್ತ ಬಂತು. ಕ್ಷೇಮ ಸಮಾಚಾರ ಕೇಳುವ ಯೋಗ್ಯತೆ ನನಗಿಲ್ಲ, ಆದರೂ ಕೇಳುತ್ತೇನೆ. ಅಣ್ಣನ ಕಾಲು ಹೇಗಿದೆ?

ನನ್ನ ಬಲಗಣ್ಣಿಗೆ ಪೊರೆ ಬಂದಿದೆ. ಡಾಕ್ಟರ್ ನೋಡಿ, "ಇದೊಂದು ವರ್ಷ ಓಡಿಸಿ, ಆಮೇಲೆ ಬೇರೆಯವರ ಗಾಡಿಯಲ್ಲಿ ಕೂತ್ಕೊಂಡು ಬೈತಾ ಹೋಗಿ" ಎಂದರು. ಹಾಗಾಗಿ ಬರುವ ಅಕ್ಟೋಬರಿನದ್ದೇ ನನ್ನ ಕೊನೆಯ ಪ್ರವಾಸ. ಆರು ದಿನದ್ದು, ನಿಮಗೆ ಗೊತ್ತಿರುವುದೇ. ಮೊದಲ ದಿನ ತಿಮಿಂಗಿಲ, ಎರಡನೆಯ ದಿನ ಪೆಂಗ್ವಿನ್, ಮೂರನೆಯ ದಿನ ಬಯಲು ಹತ್ತುವುದು, ನಾಲ್ಕನೆಯ ದಿನ ಪೂರ್ತಿ ಧೂಳು ಮತ್ತು ಉದ್ದ ಕತ್ತಿನ ಗುವಾನಾಕೊ ಹಿಂಡು, ಐದು ಆರಕ್ಕೆ ಬೆಟ್ಟ, ಕೆರೆ, ಸಾವಿರ ವರ್ಷದ ಮರಗಳು. ಇಪ್ಪತ್ತು ವರ್ಷದಿಂದ ಅದೇ ತಿಮಿಂಗಿಲಕ್ಕೆ ಅದೇ "ಆಹಾ" ಕೇಳಿದ್ದೇನೆ. ನನಗೂ ಬೇಸರವಾಗಿಲ್ಲ, ತಿಮಿಂಗಿಲಕ್ಕೂ ಆದಂತಿಲ್ಲ.

ಆದರೆ ಒಂದು ಮಾತಿದೆ. ಎಂಬತ್ತೇಳರಿಂದ ಈಚೆಗೆ ನಾನು ಮೇಲ್ಬಯಲಿನ ಜಲ್ಲಿ ರಸ್ತೆ ಹಿಡಿದಿಲ್ಲ. ದಕ್ಷಿಣದ ಡಾಂಬರು ರಸ್ತೆಯಲ್ಲೇ ಬೆಟ್ಟಕ್ಕೆ ಹೋಗುತ್ತೇನೆ. ಪ್ರವಾಸಿಗಳು ಕೇಳಿದರೆ ಜಲ್ಲಿ ಸಿಡಿದು ಗಾಜು ಒಡೆಯುತ್ತದೆ ಎನ್ನುತ್ತೇನೆ. ಅದು ಸುಳ್ಳಲ್ಲ, ಆದರೆ ಕಾರಣವೂ ಅಲ್ಲ. ಕೊನೆಯ ಸಲ ಮಾತ್ರ ನಾನು ಹುಟ್ಟಿದ ದಾರಿಯಲ್ಲೇ ಹೋಗಬೇಕು ಅನ್ನಿಸಿದೆ. ನಿಮ್ಮ ಗೇಟಿನ ಮುಂದೆ ನಿಂತು ಹಾರನ್ ಹೊಡೆದರೆ ಅಣ್ಣ ಹೊರಗೆ ಬರುತ್ತಾನೆಯೇ? ಅವನನ್ನು ಕೇಳಿ ಹೇಳಿ. ನೇರವಾಗಿ ಕೇಳುವ ಧೈರ್ಯ ನನಗಿಲ್ಲ.

ನಿಮ್ಮ
ಇಲಾರಿಯೊ ಕಯುಪಾನ್


ಲೊಮಾ ಚಿಕಾ, ಗಾನ್ ಗಾನ್
28 ಏಪ್ರಿಲ್ 1994

ಮೈದುನನಿಗೆ,

ನಿನ್ನ ಕಾಗದ ಒಲೆಗೆ ಹಾಕಲಿಲ್ಲ. ಅಷ್ಟು ಸಣ್ಣ ಕಾಗದದಿಂದ ನೀರೂ ಬಿಸಿಯಾಗುವುದಿಲ್ಲ.

ನಿನ್ನಣ್ಣನಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ "ಕುರಿ ನೋಡ್ಕೊಂಡ್ ಬರ್ತೀನಿ" ಎಂದು ಎದ್ದು ಹೋದರು. ಕುರಿಗಳನ್ನು ಆಗಲೇ ದೊಡ್ಡಿಗೆ ಸೇರಿಸಿ ಆಗಿತ್ತು. ಒಂದು ಗಂಟೆ ಬಿಟ್ಟು ಬಂದು ಮಾಟೆ ಎಲೆಯ ಕಷಾಯ ಕುಡಿಯುತ್ತ ಕೂತರು, ನಿನ್ನ ಮಾತು ಎತ್ತಲಿಲ್ಲ. ಬೇಡ ಎಂದೂ ಹೇಳಲಿಲ್ಲ. ನೀನೇ ಅರ್ಥ ಮಾಡಿಕೋ.

ಕಾಲಿನ ವಿಚಾರ ಕೇಳಿದೆ. ಎಡಗಾಲಿನ ಐದು ಬೆರಳೂ ಇಲ್ಲದ ಮನುಷ್ಯ ಹೇಗೆ ನಡೆಯುತ್ತಾನೋ ಹಾಗೆ ನಡೆಯುತ್ತಾರೆ. ದಿನಕ್ಕೆ ಎಂಬತ್ತು ಕುರಿಯ ಉಣ್ಣೆ ಕತ್ತರಿಸುತ್ತಿದ್ದವರು. ಈಗ ಕುರಿಯನ್ನು ಮೊಣಕಾಲಿನ ನಡುವೆ ಹಿಡಿದರೆ ಕುರಿಯೇ ಇವರನ್ನು ಬೀಳಿಸುತ್ತದೆ. ಕತ್ತರಿಸುವ ತಂಡ ಬಂದಾಗ ಒಳಗೆ ಕೂತು ರೇಡಿಯೊ ಜೋರಾಗಿ ಇಡುತ್ತಾರೆ. ಬೇರೆ ದಿನ ಚರ್ಮದ ಲಗಾಮು ಹೆಣೆಯುತ್ತಾರೆ. ಚೆನ್ನಾಗಿಯೇ ಹೆಣೆಯುತ್ತಾರೆ. ಹಾಗೆಂದು ಹೊಗಳಿದರೆ ಸಿಟ್ಟು.

ಮಧ್ಯಾಹ್ನದ ರೇಡಿಯೊ ಸಂದೇಶ ಮಾತ್ರ ತಪ್ಪಿಸುವುದಿಲ್ಲ. ಯಾರ ಮನೆಯಲ್ಲಿ ಹೆರಿಗೆ, ಯಾರು ಸತ್ತರು, ಯಾರ ಔಷಧಿ ಯಾವ ಲಾರಿಯಲ್ಲಿ ಬರುತ್ತಿದೆ ಎಲ್ಲ ಕೇಳಬೇಕು. ಇವರು ಆಸ್ಪತ್ರೆಯಲ್ಲಿದ್ದಾಗ ನಾನು ಅದೇ ರೇಡಿಯೊದಲ್ಲಿ ನಿನಗೆ ಹೇಳಿಸಿದ್ದೆ. ಮೂರು ದಿನ ಓದಿದರು. ನೀನು ಮಾದ್ರಿನ್‌ನಲ್ಲೇ ಇದ್ದೆ, ಆಸ್ಪತ್ರೆಗೆ ಒಂದು ಗಂಟೆ ದಾರಿ. ಬರಲಿಲ್ಲ. ಮಾವನನ್ನು ಮಣ್ಣು ಮಾಡಿದ ದಿನ ಅಣ್ಣತಮ್ಮ ಆಡಿಕೊಂಡ ಮಾತು ನನಗೆ ನೆನಪಿದೆ, ಆದರೆ ಅಂಥ ಮಾತು ಆಡದ ಮನೆ ಯಾವುದು? ಬೆರಳು ಕತ್ತರಿಸುವಾಗಲೂ ಬಾರದಿರುವಷ್ಟು ದೊಡ್ಡ ಮಾತೇ ಅದು?

ಇನ್ನೊಂದು ನನಗೆ ಇವತ್ತಿಗೂ ತಿಳಿಯದ್ದು. ಅವತ್ತು ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಟ್ರಕ್ ಕೆಟ್ಟು ನಿಂತಿತ್ತು. "ಯಾರೂ ಬರ್ಲಿಲ್ಲ" ಎನ್ನುತ್ತಾರೆ. ಏಳು ವರ್ಷದಿಂದ ಅದೊಂದೇ ಮಾತು. ನಮ್ಮ ರಸ್ತೆಯಲ್ಲಿ ವಾಹನ ಕಮ್ಮಿ, ನಿಜ. ಆದರೆ ಒಂದೂ ಇಲ್ಲದ ದಿನ ನಾನು ನೋಡಿಲ್ಲ.

ಎರ್ಸಿಲಿಯಾ


ಪ್ವೆರ್ತೊ ಮಾದ್ರಿನ್
3 ಜೂನ್ 1994

ಅತ್ತಿಗೆ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನಿಮ್ಮ ಪತ್ರ ಓದಿದೆ. ನಿಮಗೆ ಗೊತ್ತಾಗಿದೆ ಎಂದೇ ಅಂದುಕೊಂಡೆ. ಎರಡನೆಯ ಸಲ ಓದಿದಾಗ, ಇಲ್ಲ, ಗೊತ್ತಿಲ್ಲ ಅನ್ನಿಸಿತು. ಆಗ ಇನ್ನೂ ಕಷ್ಟವಾಯಿತು.

ಆ ದಿನ ಒಂದು ವಾಹನ ಬಂದಿತ್ತು. ನನ್ನದೇ.

ಸೆಪ್ಟೆಂಬರ್ ಕೊನೆಯ ವಾರ, ಪ್ರವಾಸದ ನಾಲ್ಕನೆಯ ದಿನ. ವ್ಯಾನಿನಲ್ಲಿ ಆರು ಜನ ರಾಜಧಾನಿಯವರು. ಗಾನ್ ಗಾನ್‌ನಲ್ಲಿ ಊಟ ಮಾಡಿಸಿ ಗಾಸ್ತ್ರೆ ಕಡೆ ಹೊರಟಿದ್ದೆ. ಆ ಉದ್ದನೆಯ ನೇರ ದಾರಿ ನಿಮಗೆ ಗೊತ್ತು, ಎದುರಿನ ಗಾಡಿ ಕಂಡು ಹತ್ತು ನಿಮಿಷವಾದ ಮೇಲೆ ಹತ್ತಿರ ಬರುವುದು. ಎಡಗಡೆ ದೂರದಲ್ಲಿ ಎತ್ತಿದ ಬಾನೆಟ್ ಕಂಡಿತು. ಇನ್ನಷ್ಟು ಹತ್ತಿರ ಹೋದಾಗ ನೀಲಿ ಬಣ್ಣ ಕಂಡಿತು. ಅಪ್ಪನ ಟ್ರಕ್.

ಆ ರಸ್ತೆಯಲ್ಲಿ ಒಂದೇ ಕಾನೂನು, ಅದನ್ನು ಅಪ್ಪ ನಮಗೆ ಸ್ಟೇರಿಂಗ್ ಹಿಡಿಯುವ ಮೊದಲೇ ಕಲಿಸಿದ್ದ. ಎತ್ತಿದ ಬಾನೆಟ್ ಕಂಡರೆ ನಿಲ್ಲಬೇಕು. ಕುಡುಕನದಾಗಲಿ, ಕಳ್ಳನದಾಗಲಿ, ನಿನ್ನ ಕುರಿ ಕದ್ದವನದೇ ಆಗಲಿ. ನಾನು ಆ ಹತ್ತು ನಿಮಿಷವೂ ಏನು ಯೋಚಿಸಿದೆ ಗೊತ್ತೇ? ಅಪ್ಪನ ಗುಂಡಿಯ ಪಕ್ಕ ಅಣ್ಣ ಊರವರ ಮುಂದೆ ಹೇಳಿದ್ದು. "ಇವ್ನು ಪಾಲಿನ ಕುರಿ ಮಾರಿ ವ್ಯಾನ್ ತಗೊಂಡ. ಕುರಿ ಕಾಯೋದು ಬಿಟ್ಟು ಜನ ಕಾಯೋಕೆ ಹೋದ. ಅವಕ್ಕೆ ಉಣ್ಣೆನೂ ಇಲ್ಲ." ಎಲ್ಲರೂ ನಕ್ಕಿದ್ದರು, ಪಾದ್ರಿ ಕೂಡ. ಈಗ ನಿಲ್ಲಿಸಿದರೆ ನನ್ನ ಆರು ಜನರ ಮುಂದೆಯೂ ಅದನ್ನೇ ಹೇಳುತ್ತಾನೆ ಅಂದುಕೊಂಡೆ. ಹಿಂದೆ ಇನ್ಯಾರಾದರೂ ಬರುತ್ತಾರೆ ಅಂದುಕೊಂಡೆ.

ಆದರೆ ವ್ಯಾನಿನೊಳಗಿನವರು ನೋಡಿಬಿಟ್ಟರೆ? ನಿಲ್ಲಿಸಿ ಎನ್ನುತ್ತಾರಲ್ಲ. ಅದಕ್ಕೆ ಒಂದು ಕೆಲಸ ಮಾಡಿದೆ.

"ಎಲ್ಲರೂ ಬಲಗಡೆ ನೋಡಿ, ಗುವಾನಾಕೊ!" ಎಂದೆ.

ಆರು ಜನವೂ ಬಲಗಡೆಯ ಕಿಟಕಿಗೆ ಮುಗಿಬಿದ್ದರು. ಒಬ್ಬ ಮೇಷ್ಟ್ರಮ್ಮ ಇದ್ದರು, "ಎಲ್ರೀ? ನಂಗೇನೂ ಕಾಣ್ತಿಲ್ಲ" ಎಂದರು.

"ಆ ಗುಡ್ಡದ ಬುಡದಲ್ಲಿ ನೋಡಿ ಅಮ್ಮ. ಕಲ್ಲಿನ ಬಣ್ಣಾನೇ ಅವಕ್ಕೆ. ಕಣ್ಣು ಕೀಲಿಸ್ಬೇಕು."

"ಹಾಂ, ಕಂಡ್ವು ಕಂಡ್ವು," ಎಂದ ಹಿಂದೆ ಕೂತಿದ್ದ ಮುದುಕ. "ಮೂರಿದಾವೆ. ಒಂದು ಮರಿ."

ಅಲ್ಲಿ ಏನೂ ಇರಲಿಲ್ಲ ಅತ್ತಿಗೆ. ಕಲ್ಲು ಇತ್ತು. ನಾನೂ ಅವರ ಜೊತೆ ಬಲಗಡೆಯೇ ನೋಡುತ್ತ ಟ್ರಕ್ಕನ್ನು ದಾಟಿದೆ. ಎಡಗಡೆ ತಿರುಗಲಿಲ್ಲ. ಕನ್ನಡಿಯನ್ನೂ ನೋಡಲಿಲ್ಲ. ಆ ಮುದುಕ ಸಂಜೆ ಕೈ ಕುಲುಕಿ, "ಇವತ್ತಿನ ದಿನದಲ್ಲಿ ಆ ಮರೀನೇ ಚೆಂದ" ಎಂದು ಹೊಗಳಿದ.

ಮೂರು ದಿನದ ಮೇಲೆ ರೇಡಿಯೊದಲ್ಲಿ ನಿಮ್ಮ ಸಂದೇಶ ಕೇಳಿದೆ. ಫ್ಯಾನ್ ಬೆಲ್ಟ್ ಹರಿದಿತ್ತಂತೆ, ಹಿಮದಲ್ಲಿ ರಾತ್ರಿಯೆಲ್ಲ ನಡೆದನಂತೆ, ಹಳ್ಳ ದಾಟುವಾಗ ಬೂಟಿನೊಳಗೆ ನೀರು ಹೋಯಿತಂತೆ. ನನ್ನ ಸೀಟಿನ ಕೆಳಗೆ ಎರಡು ಬೆಲ್ಟ್ ಇದ್ದವು. ಆಸ್ಪತ್ರೆಯ ಬಾಗಿಲವರೆಗೆ ಬಂದಿದ್ದೆ. ಒಳಗೆ ಬಂದು ಯಾವ ಮುಖ ತೋರಿಸಲಿ? ವಾಪಸ್ ಹೋದೆ.

ಇದನ್ನು ಅಣ್ಣನಿಗೆ ಓದಿ ಹೇಳುವುದು ಬಿಡುವುದು ನಿಮಗೆ ಬಿಟ್ಟಿದ್ದು. ಅವನು ನನ್ನ ವ್ಯಾನ್ ನೋಡಿದನೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡಿರಲಾರ ಎಂದು ಏಳು ವರ್ಷ ನಂಬಿದ್ದೇನೆ. ಬಿಳಿ ವ್ಯಾನ್, ಪಕ್ಕದಲ್ಲಿ ಆಳೆತ್ತರದ ಪೆಂಗ್ವಿನ್ ಚಿತ್ರ. ನೋಡದಿರಲು ಕುರುಡನೇ ಆಗಬೇಕು.

ಇಲಾರಿಯೊ


ಲೊಮಾ ಚಿಕಾ
21 ಜುಲೈ 1994

ಇಲಾರಿಯೊ,

ಓದಿದೆ. ನಿನ್ನಣ್ಣನಿಗೆ ಓದಿ ಹೇಳಿಲ್ಲ. ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದೇನೆ. ದಿನವೂ ರೊಟ್ಟಿಗೆ ಹಿಟ್ಟು ತೆಗೆಯುವಾಗ ಕೈಗೆ ತಾಗುತ್ತದೆ.

ಆ ರಾತ್ರಿ ನಾನು ಲಾಂದ್ರ ಹಿಡಿದು ಗೇಟಿನಲ್ಲಿ ನಿಂತಿದ್ದೆ. ಬೆಳಗಿನ ಜಾವ ಅವರು ತೆವಳಿಕೊಂಡು ಬಂದಾಗ ಬೂಟು ಕಾಲಿಗೆ ಅಂಟಿತ್ತು, ಕುಯ್ದು ತೆಗೆದೆ. ಗುವಾನಾಕೊ ಮರಿ ಚೆಂದವಿತ್ತಂತೆ.

ಸದ್ಯಕ್ಕೆ ಪತ್ರ ಬೇಡ.

ಎರ್ಸಿಲಿಯಾ


ಪ್ವೆರ್ತೊ ಮಾದ್ರಿನ್
8 ಸೆಪ್ಟೆಂಬರ್ 1994

ಅತ್ತಿಗೆ,

ಬೇಡ ಎಂದಿದ್ದೀರಿ, ಆದರೂ ನಾಲ್ಕು ಸಾಲು. ಪ್ರವಾಸದ ದಿನ ಗೊತ್ತಾಗಿದೆ. ಆರನೇ ಅಕ್ಟೋಬರ್ ಗುರುವಾರ ಹೊರಡುತ್ತೇವೆ. ಮೇಲ್ಬಯಲಿಗೆ ಬಂದರೆ ಭಾನುವಾರ ಒಂಬತ್ತನೇ ತಾರೀಕು, ಮಧ್ಯಾಹ್ನದ ಹೊತ್ತಿಗೆ ನಿಮ್ಮ ತಿರುವಿನಲ್ಲಿರುತ್ತೇನೆ. "ಬಾ" ಎಂದು ಒಂದೇ ಪದ ಬರೆದರೂ ಸಾಕು. ಹೊರಡುವ ದಿನದವರೆಗೆ ಏನೂ ಬಾರದಿದ್ದರೆ ಡಾಂಬರು ರಸ್ತೆಯಲ್ಲೇ ಹೋಗುತ್ತೇನೆ. ಆ ರಸ್ತೆಯಲ್ಲಿ ಎರಡನೆಯ ಸಲ ನಿಲ್ಲಿಸದೆ ಹಾದುಹೋಗುವುದು ನನ್ನಿಂದ ಆಗದು.

ರೇಡಿಯೊದಲ್ಲಿ ಹೇಳಿಸಬಹುದಿತ್ತು. ಆದರೆ ಬಯಲಿಗೆ ಬಯಲೇ ಕೇಳುತ್ತದೆ. ನಾಚಿಕೆಯಾಯಿತು.

ಇಲಾರಿಯೊ


ಲೊಮಾ ಚಿಕಾ
24 ಸೆಪ್ಟೆಂಬರ್ 1994

ಲಾಲೊ,

ಎರ್ಸಿಲಿಯಾ ಗುರುವಾರ ಹಿಟ್ಟಿನ ಡಬ್ಬದ ಹಿಂದಿನಿಂದ ನಿನ್ನ ಕಾಗದ ತೆಗೆದಳು. ಅದನ್ನೂ ಈಗ ಬಂದದ್ದನ್ನೂ ಓದಿದಳು. ಅಳುತ್ತ ಓದಿದ್ದರಿಂದ ಕೆಲವು ಕಡೆ ನಾನೇ ಇಸಿದುಕೊಂಡು ಓದಬೇಕಾಯಿತು. ನಾನು ಮೂರನೇ ಕ್ಲಾಸಿನವನು, ನಿನ್ನ ಹಾಗೆ ಮಾತು ಕಟ್ಟಿ ಬರೆಯಲು ಬಾರದು. ಆದ್ದರಿಂದ ಇದ್ದದ್ದನ್ನು ಬರೆಯುತ್ತೇನೆ.

ನಿನ್ನ ವ್ಯಾನ್ ನೋಡಿದೆ. ಆ ದರಿದ್ರ ಪೆಂಗ್ವಿನ್ ಒಂದು ಹರದಾರಿಯಿಂದಲೇ ಕಾಣುತ್ತಿತ್ತು.

ನೀನು ಬರೆದದ್ದರಲ್ಲಿ ಒಂದು ತಪ್ಪಿದೆ. ನೀನು ಬಲಗಡೆ ನೋಡುತ್ತಿದ್ದೆಯಲ್ಲ, ಅದಕ್ಕೆ ನಿನಗೆ ಗೊತ್ತಾಗಿಲ್ಲ. ನೀನು ನನ್ನನ್ನು ದಾಟುವಾಗ ಬಾನೆಟ್ ಎತ್ತಿರಲಿಲ್ಲ. ಬರುತ್ತಿರುವುದು ನೀನು ಎಂದು ಗೊತ್ತಾದ ಕೂಡಲೇ ನಾನು ಅದನ್ನು ಮುಚ್ಚಿದೆ. ಮುಚ್ಚಿ, ಮಡ್‌ಗಾರ್ಡಿನ ಮೇಲೆ ಕೂತು, ಸಿಗರೇಟು ಹಚ್ಚಿದೆ, ಸುಮ್ಮನೆ ದಣಿವಾರಿಸಿಕೊಳ್ಳಲು ನಿಂತವನ ಹಾಗೆ. ಜನ ಕಾಯುವವನು ಎಂದು ನಾನೇ ಹೀಯಾಳಿಸಿದ್ದ ತಮ್ಮ ಇಳಿದು ಬಂದು, ಆ ಪಟ್ಟಣದವರ ಮುಂದೆ ನನಗೆ ಬೆಲ್ಟ್ ಕೊಡುವುದು ನನಗೆ ಬೇಡವಾಗಿತ್ತು. ನೀನು ಹೋದ ಮೇಲೆ ಮತ್ತೆ ಎತ್ತಿ ಕಾದೆ. ಆಮೇಲೆ ಯಾರೂ ಬರಲಿಲ್ಲ, ಅದು ನಿಜ.

ಆದ್ದರಿಂದ ಎರ್ಸಿಲಿಯಾಗೆ ಹೇಳಲಿಲ್ಲ. ನಿನ್ನ ಹೆಸರು ಹೇಳಿದ್ದರೆ ಈ ರಸ್ತೆಯಲ್ಲಿ ನಿನಗೆ ಯಾರೂ ಒಂದು ಲೋಟ ನೀರು ಕೊಡುತ್ತಿರಲಿಲ್ಲ. ನಿನ್ನ ಹೆಸರು ಕಾಪಾಡಿದೆ ಎಂದು ದೊಡ್ಡಸ್ತಿಕೆ ಬೇಡ, ನನ್ನದನ್ನೂ ಕಾಪಾಡಿಕೊಂಡೆ. ಕಾಲಿಗಿಂತ ಇದು ಹೆಚ್ಚು ನೋಯುತ್ತದೆ.

ಒಂಬತ್ತನೇ ತಾರೀಕು ತಿರುವಿನಲ್ಲಿ ಅಪ್ಪನ ಟ್ರಕ್ ನಿಲ್ಲಿಸಿ ಬಾನೆಟ್ ಎತ್ತಿಕೊಂಡು ನಿಂತಿರುತ್ತೇನೆ. ಟ್ರಕ್ಕಿಗೆ ಏನೂ ಆಗಿರುವುದಿಲ್ಲ. ನಿಲ್ಲಿಸು.

ಅನಿಸೆತೊ


ಲೊಮಾ ಚಿಕಾ
12 ಅಕ್ಟೋಬರ್ 1994

ಲಾಲೊ,

ಇದರ ಜೊತೆಗೆ ನಿನ್ನಣ್ಣನ ಕಾಗದವೂ ಬಂದಿರುತ್ತದೆ. ಮೊದಲು ಅದನ್ನು ಓದು, ಆಮೇಲೆ ಇದನ್ನು.

ಅವರು ಅದನ್ನು ಅಂಗಡಿಯ ಅಂಚೆ ಚೀಲಕ್ಕೆ ಹಾಕಿಸಿದ್ದು ಇಪ್ಪತ್ತೈದಕ್ಕೆ. ಆ ವಾರ ಹಿಮ ಬಿದ್ದು ಬಸ್ ಬರಲಿಲ್ಲ. ಮುಂದಿನ ವಾರ ಹಳ್ಳ ಹರಿದು ದಾರಿ ಕಿತ್ತುಹೋಗಿ ಬಸ್ ಬರಲಿಲ್ಲ. ನಮಗೆ ಅದರ ಯೋಚನೆಯೇ ಹೊಳೆಯಲಿಲ್ಲ. ಕಾಗದ ಬರೆದಾಯಿತು ಎಂದರೆ ಮುಟ್ಟಿತು ಎಂದೇ ಲೆಕ್ಕ.

ಒಂಬತ್ತನೇ ತಾರೀಕು ಬೆಳಿಗ್ಗೆ ಒಂಬತ್ತು ಗಂಟೆಗೇ ಹೊರಟರು. "ಮಧ್ಯಾಹ್ನ ಅಂದಿದಾನೆ, ಈಗ್ಲೇ ಯಾಕೆ?" ಎಂದೆ. "ಅವ್ನು ಚಿಕ್ಕಂದಿನಿಂದ ಅವಸರದೋನು" ಎಂದರು. ಬಿಳಿ ಶರ್ಟು ಹಾಕಿಕೊಂಡಿದ್ದರು. ನಾನು ಹಿಂದಿನ ದಿನವೇ ಮರಿ ಕಡಿಸಿದ್ದೆ, ನಿನ್ನ ಪ್ರವಾಸಿಗಳೂ ಸೇರಿ ಎಂಟು ಜನಕ್ಕೆ.

ಮಧ್ಯಾಹ್ನ ಊಟ ತೆಗೆದುಕೊಂಡು ಹೋದೆ. ಆಗಲೇ ಮೂರು ಗಾಡಿ ನಿಲ್ಲಿಸಿ ಕೇಳಿ ಹೋಗಿದ್ದವು. ನಾನಿದ್ದಾಗ ಉಣ್ಣೆ ಲಾರಿಯವನು ಬಂದ, ಉಪಕರಣದ ಪೆಟ್ಟಿಗೆ ಹಿಡಿದುಕೊಂಡೇ ಇಳಿದ.

"ಏನಾಯ್ತು ದೊಡ್ಡಪ್ಪ?"

"ಏನೂ ಆಗಿಲ್ಲ."

"ಮತ್ತೆ ಬಾನೆಟ್ಟು?"

"ನನ್ನ ತಮ್ಮ ಬರ್ತಾ ಇದಾನೆ."

"ತಮ್ಮ ಮೆಕ್ಯಾನಿಕ್ಕಾ?"

"ಅಲ್ಲ. ಗುವಾನಾಕೊ ತೋರಿಸ್ತಾನೆ."

ಲಾರಿಯವನು ನನ್ನ ಮುಖ ನೋಡಿದ. ಅವನು ಬಾನೆಟ್ಟಿನೊಳಗೆ ಒಮ್ಮೆ ಇಣುಕಿ, ಎಣ್ಣೆ ಅಳೆದು, "ಚೆನ್ನಾಗಿದೆ" ಎಂದು ಹೋದ. ಸಂಜೆಯ ಹೊತ್ತಿಗೆ ಏಳು ಗಾಡಿ ಆದವು. ಏಳೂ ನಿಂತವು ಲಾಲೊ. ಒಂದೂ ಹಾಗೆ ಹೋಗಲಿಲ್ಲ. ಪ್ರತಿಯೊಂದು ಧೂಳು ಎದ್ದಾಗಲೂ ಇವರು ಎದ್ದು ನಿಂತರು. ಬಿಳಿ ವ್ಯಾನ್ ಒಂದು ಬಂತು. ಅದು ಬೇರೆ ಯಾರದೋ. ಅದೂ ನಿಂತಿತು.

ಹೊತ್ತು ಮುಳುಗಿದ ಮೇಲೆ ನಾನೇ ಹೋಗಿ ಬಾನೆಟ್ ಇಳಿಸಿದೆ. "ಇನ್ನೊಂದ್ ಸ್ವಲ್ಪ ಹೊತ್ತು ಇರ್ಲಿ" ಎಂದರು. ಗಾಳಿ ಚಾಕುವಿನ ಹಾಗೆ ಇತ್ತು. ಕೈ ಹಿಡಿದು ಕರೆದುಕೊಂಡು ಬಂದೆ. ಅವತ್ತಿನಿಂದ ಕೆಮ್ಮು, ಮಲಗಿದ್ದಾರೆ. "ಅವ್ನು ನಿಲ್ಸಲ್ಲ ಅಂತ ನಂಗೆ ಗೊತ್ತಿತ್ತು. ನಾನೇ ಕಲ್ಸಿದ್ದಲ್ವಾ" ಎಂದರು. ಅದೊಂದೇ ಮಾತು.

ಇವತ್ತು ಸಕ್ಕರೆ ತರಲು ಅಂಗಡಿಗೆ ಹೋದಾಗ ಅಂಗಡಿಯವಳು ಅಂಚೆ ಚೀಲ ಕಟ್ಟುತ್ತಿದ್ದಳು. ಮೇಲೆಯೇ ಇತ್ತು, ಇವರ ವಕ್ರ ಅಕ್ಷರ. ನಾನು ಅಲ್ಲೇ ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟೆ. ಮನೆಗೆ ಬಂದು ಹೇಳಿದೆ. ಗೋಡೆ ಕಡೆ ತಿರುಗಿ ಮಲಗಿದರು. ನಂಬಿದರೋ ಇಲ್ಲವೋ ತಿಳಿಯದು.

ರೇಡಿಯೊದಲ್ಲಿ ಹೇಳಿಸಲು ನಿನಗೆ ನಾಚಿಕೆಯಾಯಿತಂತೆ. ಒಂದು ಸಾಲು ಸಾಕಿತ್ತು. ಮಧ್ಯಾಹ್ನ ಟ್ರಕ್ಕಿನಲ್ಲೂ ರೇಡಿಯೊ ಹಚ್ಚಿಕೊಂಡೇ ಕೂತಿದ್ದರು.

ಎರ್ಸಿಲಿಯಾ


ಪ್ವೆರ್ತೊ ಮಾದ್ರಿನ್
19 ಅಕ್ಟೋಬರ್ 1994

ಅಣ್ಣಾ,

ಎರಡು ಕಾಗದವೂ ನಿನ್ನೆ ಒಟ್ಟಿಗೆ ಬಂದವು. ಅತ್ತಿಗೆ ಹೇಳಿದ ಕ್ರಮದಲ್ಲೇ ಓದಿದೆ. ನಿನ್ನದು ಓದಿ ಮುಗಿಸಿ ಇನ್ನೊಂದನ್ನು ಬಿಡಿಸುವ ಮೊದಲು ಸ್ವಲ್ಪ ಹೊತ್ತು ಸಂತೋಷವಾಗಿದ್ದೆ. ನೀನು ಬರೆದ ತಾರೀಕು ದಾಟಿಹೋಗಿದೆ ಎಂಬುದು ಆಮೇಲೆ ಹೊಳೆಯಿತು.

ಒಂಬತ್ತನೇ ತಾರೀಕು ಮಧ್ಯಾಹ್ನ ನಾನು ಡಾಂಬರು ರಸ್ತೆಯಲ್ಲಿ, ಕೆಂಪು ಬಂಡೆಗಳ ಹತ್ತಿರ ಇದ್ದೆ. ನಿಜವಾದ ಗುವಾನಾಕೊ ಹಿಂಡು ಬಲಗಡೆಯೇ ಬಂತು, ಅರವತ್ತರ ಮೇಲಿದ್ದವು, ಮರಿಗಳೂ ಇದ್ದವು. "ಬಲಗಡೆ ನೋಡಿ" ಎನ್ನಲು ನಾಲಿಗೆ ಏಳಲಿಲ್ಲ. ಪ್ರವಾಸಿಗಳೇ ಕಂಡು ಕೂಗಿಕೊಂಡರು. ನಾನು ಎಡಗಡೆಗೇ ನೋಡುತ್ತ ಓಡಿಸಿದೆ. ಅಲ್ಲಿ ಏನೂ ಇರಲಿಲ್ಲ. ನೀನು ನಿಂತಿದ್ದದ್ದು ಇನ್ನೂರು ಕಿಲೋಮೀಟರ್ ಉತ್ತರಕ್ಕೆ.

ನಿನ್ನ ಕಾಗದ ಓದಿದ ಮೇಲೂ ನನ್ನ ತಪ್ಪು ಅರ್ಧವಾಗಲಿಲ್ಲ. ನೀನು ಬಾನೆಟ್ ಮುಚ್ಚಿದ್ದು ನಾನು ನಿಲ್ಲಿಸಬಹುದು ಎಂದು ನಂಬಿ. ಅಷ್ಟು ನಂಬಿಕೆ ನಿನಗಿತ್ತು, ನನಗಿರಲಿಲ್ಲ. ಏಳು ಗಾಡಿಯವರು ನಿಂತು ವಿಚಾರಿಸಿ ಹೋದರಂತೆ. ಎಂಟನೆಯವನು ನಾನಾಗಬೇಕಿತ್ತು.

ಇವತ್ತು ಬೆಳಿಗ್ಗೆ ರೇಡಿಯೊ ಕೇಂದ್ರಕ್ಕೆ ಹೋಗಿದ್ದೆ. ಸಂದೇಶ ಬರೆದುಕೊಳ್ಳುವ ಹುಡುಗಿ ಚೀಟಿ ಕೊಟ್ಟಳು. ಬರೆದು ಕೊಟ್ಟೆ. ಓದಿ ನನ್ನ ಮುಖ ನೋಡಿದಳು.

"ಇದನ್ನ ಹೀಗೇ ಓದ್ಬೇಕಾ? ಎಲ್ರಿಗೂ ಕೇಳ್ಸತ್ತೆ ತಾತ."

"ಎಲ್ರಿಗೂ ಕೇಳ್ಲಿ ಅಂತಾನೇ ತಾಯಿ."

ಶುಕ್ರವಾರ ಮಧ್ಯಾಹ್ನ ಓದುತ್ತಾರೆ. ಈ ಕಾಗದ ನಾಳೆಯ ಬಸ್ಸಿಗೆ ಹಾಕುತ್ತೇನೆ. ಬಸ್ಸನ್ನು ಮತ್ತೆ ನಂಬಲಾರೆ, ಆದ್ದರಿಂದ ನೀನು ಇದನ್ನು ಓದುವ ಮೊದಲೇ ಅದನ್ನು ಕೇಳಿರಬಹುದು. ಹೀಗಿದೆ: "ಲೊಮಾ ಚಿಕಾದ ಅನಿಸೆತೊ ಕಯುಪಾನ್ ಅವರಿಗೆ. ಎಂಬತ್ತೇಳರಲ್ಲಿ ನಿಮ್ಮ ಎತ್ತಿದ ಬಾನೆಟ್ ಕಂಡೂ ನಿಲ್ಲಿಸದೆ ಹೋದವನು ನಿಮ್ಮ ತಮ್ಮ ಇಲಾರಿಯೊ. ಶನಿವಾರ ಮಧ್ಯಾಹ್ನ ಬರುತ್ತಾನೆ." ಇನ್ನು ಆ ರಸ್ತೆಯಲ್ಲಿ ನನಗೆ ಯಾರು ನೀರು ಕೊಡುತ್ತಾರೆ, ಯಾರು ಕೊಡುವುದಿಲ್ಲ ಎಂದು ನೋಡಿಕೊಂಡೇ ಬರುತ್ತೇನೆ. ಮನೆಯಿಂದ ನೀರು ತರುವುದಿಲ್ಲ.

ಪ್ರವಾಸಿಗಳು ಯಾರೂ ಇಲ್ಲ. ಒಂದು ಕಣ್ಣಿನಲ್ಲಿ ನಿಧಾನವಾಗಿ ಓಡಿಸುತ್ತೇನೆ. ನಿನ್ನ ಕೆಮ್ಮಿಗೆ ಔಷಧಿ ತರುತ್ತಿದ್ದೇನೆ. ದಯವಿಟ್ಟು ಹಾಸಿಗೆಯಲ್ಲೇ ಇರು, ತಿರುವಿಗೆ ಬರಬೇಡ. ಟ್ರಕ್ ಅಂಗಳದಲ್ಲೇ ಇರಲಿ.

ಬಾನೆಟ್ ಮುಚ್ಚಿರಲಿ ಅಣ್ಣಾ. ನಿಲ್ಲಿಸುತ್ತೇನೆ.

ನಿನ್ನ ತಮ್ಮ
ಲಾಲೊ